ಎರಡರ ಮಗ್ಗಿ

ಇಳಕಲ್ಲಿನ ಒಂದು ಶಿಶುವಿಹಾರದಲ್ಲಿ ಬಸವೇಶ್ವರಿ ಟೀಚರ್ ಸೋಮವಾರದಿಂದ ಎರಡರ ಮಗ್ಗಿಯ ಬೆನ್ನು ಹತ್ತಿದ್ದರು. ಶನಿವಾರ ಮಕ್ಕಳು ಪಾಲಕರ ಮುಂದೆ ಅದನ್ನು ಒಪ್ಪಿಸಬೇಕೆಂಬುದು ಸಂಸ್ಥೆಯ ಚೇರ್ಮನ್ನರ ಹಟ. ಹಟ ಅವರದು, ಒಣಗುವ ಗಂಟಲು ಇವರದು. ಉಳಿದ ಮಕ್ಕಳು ಹೇಗೋ ರಾಗ ಎಳೆಯುತ್ತಿದ್ದರು. ನೇಕಾರರ ಓಣಿಯ ಚೇತನಾ ಮಾತ್ರ ಬಾಯಿ ಬಿಡಲಿಲ್ಲ.

"ಮನ್ಯಾಗ ಮಗ್ಗಿ ಕಲಸ್ರಿ ಅಂತ ಹೇಳಂದಿದ್ದೆ. ಹೇಳೀಯಿಲ್ಲೊ?"

"ಹೇಳೇನ್ರಿ ಟೀಚರ್. ನನ್ನ ಕಾಲು ಮುಟ್ಟಂಗಿಲ್ಲ ಅಂತಾಳ್ರಿ ಆಯಿ."

ಮಗ್ಗಿಗೂ ಕಾಲಿಗೂ ಎಲ್ಲಿಯ ಸಂಬಂಧ? ಹುಡುಗಿ ತನ್ನನ್ನೇ ಆಟ ಆಡಿಸುತ್ತಿದ್ದಾಳೆಂದು ಟೀಚರಿಗೆ ಮೈಯೆಲ್ಲ ಉರಿಯಿತು. ಶುಕ್ರವಾರವೂ ಅದೇ ಉತ್ತರ ಬಂದಾಗ, ಮನೆಯವರನ್ನು ಕರೆದುಕೊಂಡೇ ಬಾ ಎಂದು ಗದರಿ ಕಳಿಸಿದರು.

ಶನಿವಾರ ಆ ಆಯಿಯೇ, ಹುಡುಗಿಯ ಅಜ್ಜಿ ದುರ್ಗವ್ವ, ಬಂದಳು. ಟೀಚರಿಗಿಂತ ಅವಳಿಗೇ ಸಿಟ್ಟು ಹೆಚ್ಚಿತ್ತು.

"ಅಲ್ರಿ ಅಕ್ಕೋರ, ನೀವು ಹೇಳೀರಂತ ಮಗ್ಗದ ಕುಣ್ಯಾಗ ಕುಂದ್ರಿಸಿ ನೋಡೇನಿ. ಕೂಸಿನ ಕಾಲು ತುಳಿಯೂ ಹಲಗಿಗೆ ಮುಟ್ಟವಲ್ವು. ಅಷ್ಟಕ್ಕೂ ಇಕಿ ಮಗ್ಗಕ್ಕ ಕುಂದರಬಾರದು ಅಂತನ ಸಾಲಿಗಿ ಹಾಕೇವಿ. ನೀವೂ ಮಗ್ಗಾನ ಕಲಸ್ರಿ ಅಂದ್ರ, ಈ ಸಾಲಿ ಯಾಕ ಬೇಕ್ರಿ?"