ಗುಜರಿ ಕುದುರೆಯ ತಲೆ

ತಗಡಕ್ಕನ ನಿಜವಾದ ಹೆಸರು ಅವಳ ಅಮ್ಮನಿಗೂ ಸಿಟ್ಟು ಬಂದಾಗ ಮಾತ್ರ ನೆನಪಾಗುತ್ತಿತ್ತು. ಊರಿನ ಅರ್ಧ ಮನೆಗಳ ಗೇಟು, ಕಿಟಕಿ ಸರಳು ಎಲ್ಲ ಅವಳ ಬೆಸುಗೆಯವೇ. ಆದರೂ ನಗರಸಭೆಯ ಅಧ್ಯಕ್ಷರು ಖುದ್ದಾಗಿ ಶೆಡ್ಡಿಗೆ ಬಂದು, ವೃತ್ತದಲ್ಲಿರುವ ಪುರಾತನ ಕಲ್ಲುಕುದುರೆಯಂಥದ್ದೇ ಇನ್ನೊಂದು ಕುದುರೆಯನ್ನು ಜನ ಬಿಸಾಕಿದ ಸಾಮಾನಿನಿಂದ ಮಾಡಿಕೊಡಬೇಕು ಎಂದಾಗ, ಅವಳು ಗ್ರೈಂಡರ್ ಆರಿಸಿ ಇನ್ನೊಂದು ಸಲ ಹೇಳಿಸಿಕೊಂಡಳು.

ಆ ಕುದುರೆ ಅವಳಿಗೆ ಬರೀ ಕಲ್ಲಲ್ಲ. ಚಿಕ್ಕವಳಿದ್ದಾಗ ಅಪ್ಪ ಅದರ ಬೆನ್ನ ಮೇಲೆ ಕೂರಿಸಿ, ಬಿಗಿಯಾಗಿ ಹಿಡ್ಕೋ, ಓಡಿಬಿಡುತ್ತೆ ಎನ್ನುತ್ತಿದ್ದ. ಅದು ಒಂದು ದಿನವೂ ಓಡಲಿಲ್ಲ. ಅವಳು ಹಿಡಿದ ಹಿಡಿತವನ್ನೂ ಬಿಟ್ಟಿರಲಿಲ್ಲ.

ಅವಳದು ಒಂದೇ ಷರತ್ತು. ನಿಜವಾಗಿಯೂ ಬಿಸಾಕಿದ್ದೇ ಆಗಬೇಕು. ವೆಲ್ಡಿಂಗ್ ಕಡ್ಡಿ ಬಿಟ್ಟರೆ ಹೊಸದೇನೂ ಕುದುರೆಯ ಮೈಗೆ ಸೇರಕೂಡದು. ಅಧ್ಯಕ್ಷರು ತಲೆಯಾಡಿಸಿದರು. ಜೊತೆಗೊಂದು ಮಾತನ್ನೂ ಕಿವಿಗೆ ಹಾಕಿದರು: ಉದ್ಘಾಟನೆಯ ಹೊತ್ತಿಗೆ ಮುಗಿಯದಿದ್ದರೆ ಫೈಬರ್ ಕುದುರೆಯೊಂದು ರೆಡಿ ಇದೆ, ಅದು ಹುಲ್ಲನ್ನೂ ಕೇಳುವುದಿಲ್ಲ, ಷರತ್ತನ್ನೂ ಹಾಕುವುದಿಲ್ಲ.

ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಅಧ್ಯಕ್ಷರ ತಲೆಗೆ ಒಂದು ಯೋಚನೆ ಹೊಳೆಯಿತು. ಕೊಟ್ಟ ಪ್ರತಿಯೊಂದು ಸಾಮಾನಿನ ಮೇಲೂ ಕೊಟ್ಟವರ ಹೆಸರು ಬರೆಸುತ್ತೇವೆ ಎಂದು ಮೈಕಿನಲ್ಲಿ ಸಾರಿಸಿಬಿಟ್ಟರು.

ಹೆಸರು ಎಂದದ್ದೇ ತಡ, ಊರಿನ ಗುಜರಿಯೆಲ್ಲ ಮಂಗಮಾಯ. ತೂತುಬಿದ್ದ ಬಕೆಟ್ಟಿನ ಮೇಲೆ ಮರಿಮಕ್ಕಳ ಕಾಲದವರೆಗೂ ತಮ್ಮ ಹೆಸರು ಸೋರುತ್ತಿರುವುದು ಯಾರಿಗೆ ಬೇಕು? ಡಾಕ್ಟರು ಹೊಚ್ಚಹೊಸ ಕುಕ್ಕರ್ ಕಳಿಸಿದರು. ಎದುರುಮನೆಯ ವಕೀಲರು ಅದಕ್ಕಿಂತ ದೊಡ್ಡದನ್ನು ಕಳಿಸಿದರು, ವಾರಂಟಿ ಕಾರ್ಡ್ ಸಮೇತ. ದರ್ಜಿಯ ಹೆಂಡತಿ ಕೊಟ್ಟ ಇಸ್ತ್ರಿಪೆಟ್ಟಿಗೆಯ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಶೆಡ್ಡು ಪಾತ್ರೆ ಅಂಗಡಿಯಂತೆ ಫಳಫಳ ಹೊಳೆಯತೊಡಗಿತು.

ಅಮ್ಮ ದೊಡ್ಡ ಕುಕ್ಕರಿನ ಮುಚ್ಚಳ ತಿರುವಿ ತಿರುವಿ ನೋಡಿದಳು.

"ನಮ್ಮನೇದು ಸೀಟಿ ಹೊಡೆಯೋದು ಬಿಟ್ಟು ಯಾವ ಕಾಲ ಆಯ್ತು. ಇದನ್ನ ಒಳಗಿಟ್ಕೊಂಡು ಅದನ್ನ ಕುದುರೆಗೆ ಕೊಡೋಣ ಕಣೇ."

"ಇದರ ಮೇಲೆ ವಕೀಲರ ಹೆಸರಿದೆಯಲ್ಲಮ್ಮ."

"ಇರಲಿ ಬಿಡು. ಅವರ ಹೆಸರು ಹೇಳ್ಕೊಂಡು ನಮ್ಮ ಬೇಳೆ ಬೇಯಲಿ."

ತಗಡಕ್ಕ ಅಧ್ಯಕ್ಷರ ಹತ್ತಿರ ಹೋಗಿ ಗೋಳು ತೋಡಿಕೊಂಡಳು. ಹೊಸದನ್ನು ಹಳೆಯದು ಮಾಡುವುದೇನು ಮಹಾ ಕೆಲಸ ಎಂದರು ಅವರು. ಆ ಮಾತು ಬೀದಿಗೆ ಬಂದದ್ದೇ, ಹೆಸರು ಬರೆಯುತ್ತಿದ್ದ ಪೇಂಟರ್ 'ತುಕ್ಕು ಹಿಡಿಸಿ ಕೊಡಲಾಗುವುದು' ಎಂದು ಬೋರ್ಡು ತೂಗುಹಾಕಿದ. ಜನ ಹೊಸ ಪಾತ್ರೆ ಹಿಡಿದು ಸಾಲುಗಟ್ಟಿದರು. ಅವನು ಉಪ್ಪುನೀರಿನಲ್ಲಿ ಅದ್ದಿದ, ಸುತ್ತಿಗೆಯಲ್ಲಿ ಬಡಿದ. ಡಾಕ್ಟರು ಮಾತ್ರ ತಮ್ಮದಕ್ಕೆ ಸಣ್ಣದೊಂದು ನೆಗ್ಗು ಸಾಕು, ಅದೂ ಮರ್ಯಾದಸ್ಥರ ಮನೆಯ ನೆಗ್ಗಿನ ಹಾಗಿರಲಿ ಎಂದು ಹೇಳಿಕಳಿಸಿದರು.

ತಗಡಕ್ಕ ಎಲ್ಲವನ್ನೂ ವಾಪಸು ಕಳಿಸಿದಳು. ದೊಡ್ಡ ಕುಕ್ಕರ್ ಮಾತ್ರ ವಕೀಲರ ಮನೆಗೆ ಹೊರಟದ್ದು ಅಮ್ಮನ ಒಲೆಯ ಹತ್ತಿರ ದಾರಿ ತಪ್ಪಿತು. ಸೀಟಿ ಸತ್ತ ಹಳೆಯದು ಕುದುರೆಯ ಮುಂಗಾಲಿನ ಮಂಡಿಯಾಯಿತು.

ಮಿಕ್ಕಿದ್ದಕ್ಕೆ ಅವಳು ನಗರಸಭೆಯ ಕಸದ ಯಾರ್ಡಿಗೆ ಕಾಲಿಟ್ಟಳು. ಅಲ್ಲಿ ಯಾರ ಹೆಸರೂ ಇರಲಿಲ್ಲ, ಎಲ್ಲರ ಸಾಮಾನೂ ಇತ್ತು. ಸೈಕಲ್ ರಿಮ್ಮುಗಳು ಹೊಟ್ಟೆಯಾದವು, ಫ್ಯಾನಿನ ರೆಕ್ಕೆಗಳು ಜೂಲಾದವು, ಕಾಲು ಮುರಿದ ಕುರ್ಚಿಗಳು ಸೇರಿ ನಾಲ್ಕು ಕಾಲಾದವು. ಕತ್ತಿನವರೆಗೆ ಕುದುರೆ ಎದ್ದುನಿಂತಿತು. ತಲೆ ಮಾತ್ರ ಬರಲಿಲ್ಲ. ಹೇಗೆ ಕೂಡಿಸಿದರೂ ಕತ್ತೆಯಾಗುತ್ತಿತ್ತು; ಒಮ್ಮೆಯಂತೂ ಥೇಟ್ ಅಧ್ಯಕ್ಷರ ಮೂಗೇ ಮೂಡಿ, ಗಾಬರಿಯಿಂದ ಕತ್ತರಿಸಿ ಹಾಕಿದಳು.

ಕಲ್ಲುಕುದುರೆಯ ಮುಖವನ್ನು ಇನ್ನೊಮ್ಮೆ ಸರಿಯಾಗಿ ನೋಡೋಣವೆಂದು ವೃತ್ತಕ್ಕೆ ಹೋದಳು. ಕುದುರೆ ಇರಲಿಲ್ಲ. ಹೊಸ ಕುದುರೆಯ ಕಟ್ಟೆಗೆ ಜಾಗ ಬೇಕಿತ್ತು, ಹಳೆಯದನ್ನು ಜೋಪಾನವಾಗಿ ಎತ್ತಿಟ್ಟಿದ್ದೇವೆ ಎಂದರು ನಗರಸಭೆಯ ಇಂಜಿನಿಯರು. ಎಲ್ಲಿ ಎಂದರೆ ಉಗ್ರಾಣದಲ್ಲಿ. ಉಗ್ರಾಣದವರು ಮ್ಯೂಸಿಯಂ ಎಂದರು. ಮ್ಯೂಸಿಯಂ ಕಾವಲುಗಾರ, ಇಲ್ಲಿಗೆ ಕುದುರೆ ಬಂದಿದ್ದರೆ ಲದ್ದಿಯಾದರೂ ಇರಬೇಕಿತ್ತಲ್ಲ ಎಂದು ನಕ್ಕ. ಓಡಿಬಿಡುತ್ತೆ ಎಂದು ಅಪ್ಪ ಹೇಳಿದ್ದು ಕೊನೆಗೂ ನಿಜವಾಗಿತ್ತು. ಅವಳ ಕೈಯಲ್ಲಿ ಹಿಡಿತವೇ ಉಳಿದಿರಲಿಲ್ಲ.

ಸಿಕ್ಕಿದ್ದು ಕಸದ ಯಾರ್ಡಿನಲ್ಲೇ. ಒಡೆದ ಕಮೋಡುಗಳ ನಡುವೆ ತಲೆಯೊಂದೇ ಬಿದ್ದಿತ್ತು. ಒಂದು ಕಿವಿ ಹೋಗಿತ್ತು. ಮಿಕ್ಕ ಮೈ ಎಲ್ಲಿ ಎಂದು ಕಸದ ಲಾರಿಯ ಡ್ರೈವರನ್ನು ಕೇಳಿದಳು. ಅದನ್ನು ಒಡೆದು ಹೊಸ ಕಟ್ಟೆಯ ಬುನಾದಿಗೆ ತುಂಬಿಸಿದರು, ತಲೆ ಗಟ್ಟಿಯಿತ್ತು, ಒಡೆಯಲಿಲ್ಲ ಎಂದ. ತಗಡಕ್ಕ ಆ ತಲೆಯ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಳು. ಎಷ್ಟೋ ಹೊತ್ತಿನ ಮೇಲೆ ಎದ್ದು, ಲಾರಿಗೆ ಏರಿಸಲು ಒಂಚೂರು ಕೈ ಜೋಡಿಸಣ್ಣ ಎಂದಳು.

ಉದ್ಘಾಟನೆಯ ದಿನ ಅಧ್ಯಕ್ಷರು ಪರಂಪರೆಯ ಬಗ್ಗೆ ಗಂಟಲು ಹರಿಯುವಂತೆ ಮಾತಾಡಿ ಪರದೆ ಎಳೆದರು. ಗುಜರಿಯ ಮೈ, ಕಲ್ಲಿನ ತಲೆ. ನಡುವೆ ಹಳೇ ಗೇಟಿನ ಪಟ್ಟಿಗಳಿಂದ ಬಿಗಿದ ಕೊರಳಪಟ್ಟಿ. ಚಪ್ಪಾಳೆ ಅರ್ಧಕ್ಕೇ ನಿಂತಿತು. ಅಧ್ಯಕ್ಷರು ಕುದುರೆಯ ಮುಖ ನೋಡಿದರು. ಗುರುತು ಹತ್ತಿತು, ಹತ್ತದವರ ಹಾಗೆ ಹತ್ತಿರ ಬಂದರು.

"ಯಾರ ಹೆಸರೂ ಕಾಣ್ತಿಲ್ವಲ್ಲಮ್ಮ?"

"ಹಿಂದಗಡೆ ಇದೆ ಸಾರ್."

ಕತ್ತಿನ ಹಿಂದೆ ಬೆಸುಗೆಯಲ್ಲೇ ಅಕ್ಷರ ಮೂಡಿಸಿದ್ದಳು: 'ಬಿಸಾಕಿದವರು: ಊರಿನ ಸಮಸ್ತರು'. ಅಧ್ಯಕ್ಷರು ಅದನ್ನು ತುಟಿಯಲ್ಲೇ ಓದಿಕೊಂಡು ದನಿ ತಗ್ಗಿಸಿದರು. ಫೈಬರಿನದು ಹೇಗೂ ಬಂದಿದೆ, ಇದನ್ನು ಸದ್ಯಕ್ಕೆ ಜೋಪಾನವಾಗಿ ಎತ್ತಿಡೋಣ ಎಂದರು.

"ಎತ್ತಕ್ಕಾಗಲ್ಲ ಸಾರ್," ಎಂದಳು ತಗಡಕ್ಕ. "ನಾಲ್ಕು ಕಾಲನ್ನೂ ಕಟ್ಟೆಯೊಳಗಿನ ಕಂಬಿಗೇ ಬೆಸುಗೆ ಹಾಕಿದೀನಿ. ಕೆಳಗೆ ಅದರ ಮೈ ಇದೆ, ಮೇಲೆ ತಲೆ ಇದೆ. ಇನ್ನು ಎಲ್ಲಿಗೂ ಓಡಲ್ಲ."

ಹಿಂದುಗಡೆ ಆಗಲೇ ಗಲಾಟೆ ಎದ್ದಿತ್ತು. ಸಮಸ್ತರು ಎಂದರೆ ಅದರಲ್ಲಿ ಯಾರು ಮೊದಲು ಎಂದು ಡಾಕ್ಟರಿಗೂ ವಕೀಲರಿಗೂ ಹತ್ತಿಕೊಂಡಿತ್ತು.