ಸಾಹೇಬರಿಗೆ ಕೊಟ್ಟ ನೀರು

ಗೌಳಿಗರ ಮನೆಗೆ ಬಂದವರಿಗೆ ಬರೀ ನೀರು ಕೊಟ್ಟರೆ ಬಂದ ದಾರಿ ಹಿಡಿ ಎಂದಂತೆ. ಮಜ್ಜಿಗೆ ಕೊಡಬೇಕು, ಎಮ್ಮೆ ಬತ್ತಿದ್ದರೆ ಪಕ್ಕದ ಗುಡಿಸಲಿನಿಂದ ಕೇಳಿ ತಂದಾದರೂ ಕೊಡಬೇಕು. ಭಾಗೂಬಾಯಿ ಮದುವೆಯಾಗಿ ಬಂದಾಗಿನಿಂದ ಹಾಗೇ ಮಾಡಿಕೊಂಡು ಬಂದವಳು.

ಸಾಂಬ್ರಾಣಿಯಿಂದ ಎರಡು ಹರದಾರಿ ಒಳಗೆ, ಕಾಡಿನ ನಡುವೆ ಅವರ ದಡ್ಡಿ. ಹದಿನಾಲ್ಕು ಗುಡಿಸಲು, ಇನ್ನೂರು ಎಮ್ಮೆ, ಒಂದು ಹೊಂಡ. ಎಮ್ಮೆ ಬಿದ್ದು ಹೊರಳುವುದೂ ಅದರಲ್ಲೇ, ಜನ ಇಳಿದು ಕೊಡ ತುಂಬುವುದೂ ಅದರಲ್ಲೇ. ಕೂಗಳತೆಯಲ್ಲಿ, ಬಂಡೆಯ ಬುಡದಲ್ಲಿ, ತಿಳಿನೀರಿನ ಒರತೆಯೊಂದಿತ್ತು. ಆದರೆ ಒರತೆಗಿಂತ ಈಚೆಗೆ ಜಂಗಲ್ ಖಾತೆಯವರು ಗಡಿಕಲ್ಲು ನೆಟ್ಟಿದ್ದರು. ಕಲ್ಲು ದಾಟಿದ ಹೆಂಗಸರ ಕೊಡವನ್ನು ಗಾರ್ಡ್ ನಾಗಲಿಂಗಪ್ಪ ಒಡೆಯುತ್ತಿದ್ದ. ಹುಲಿ, ಕಡವೆ, ಕಾಡುಹಂದಿ ದಾಟಬಹುದಿತ್ತು. ಅವುಗಳ ಹತ್ತಿರ ಒಡೆಯಲು ಕೊಡ ಇರಲಿಲ್ಲ.

೧೯೩೮ರ ಆ ಬೇಸಿಗೆಯಲ್ಲಿ ನಾರುಹುಣ್ಣು ಹಿಡಿದ ಏಳನೆಯ ಕಾಲು ಭಾಗೂಬಾಯಿಯ ಸೊಸೆ ಜನ್ನಿಯದು. ಹಿಮ್ಮಡಿಯ ಮೇಲೆ ಗುಳ್ಳೆ ಒಡೆದು, ಬಿಳಿ ದಾರದಂಥ ಹುಳ ತಲೆ ಹೊರಗೆ ಹಾಕಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲದಷ್ಟೇ ಎಳೆಯಬೇಕು. ಆತುರಪಟ್ಟು ಹರಿದರೆ ಕಾಲೇ ಕೊಳೆಯುತ್ತದೆ. ಒರತೆಯ ಬದಿಗೆ ಎಮ್ಮೆ ಕಾಯುತ್ತ ಕದ್ದು ನೀರು ಕುಡಿಯುವವರಿಗೆ ಈ ಹುಣ್ಣು ಬರುವುದಿಲ್ಲ, ಹೊಂಡದ ನೀರು ಕುಡಿದವರಿಗೆ ಬರುತ್ತದೆ ಎಂಬುದನ್ನು ಭಾಗೂಬಾಯಿ ಯಾವ ಡಾಕ್ಟರೂ ಹೇಳದೆ ಕಂಡುಕೊಂಡಿದ್ದಳು. ಜನ್ನಿಯ ಮಗಳು ಇನ್ನೂ ಮೊಲೆಹಾಲಿನ ಕೂಸು. ಈಗೀಗ ತಂಬಿಗೆ ಕಂಡರೆ ಕೈ ಚಾಚುತ್ತಿತ್ತು. ಮುದುಕಿಯ ನಿದ್ದೆಗೆಡಿಸಿದ್ದು ಆ ಪುಟ್ಟ ಕೈ.

ಒರತೆಗೆ ದಾರಿ ಬಿಡಿ ಎಂದು ದಡ್ಡಿಯವರು ಜಂಗಲ್ ಖಾತೆಗೆ ಅರ್ಜಿ ಬರೆಸಿ ಕಳಿಸಿದ್ದರು. ಉತ್ತರ ಬಂದಾಗ ಭಾಗೂಬಾಯಿ ಅದನ್ನು ಬೆಣ್ಣೆಗಡಿಗೆಯ ಜೊತೆ ಸಾಂಬ್ರಾಣಿಗೆ ಹೊತ್ತು, ಬೆಣ್ಣೆ ಕೊಳ್ಳುವ ಈಶಪ್ಪನ ಮುಂದೆ ಇಟ್ಟಳು. ಈಶಪ್ಪ ಕನ್ನಡಕ ಏರಿಸಿದ.

“ಏನ್ ಬರದಾರಂದ್ರ, ಸಾಹೇಬ್ರು ಮೂರು ಬ್ಯಾಸಗಿ ನಿಮ್ಮ ದಡ್ಡಿಗೆ ಬಂದು ನೋಡ್ಯಾರಂತ. ನೀರಿನ ತಕರಾರು ಅವ್ರಿಗೆ ಕಂಡಿಲ್ಲಂತ. ಬೇಕಾದ್ರ ಕಾಸಿ ಕುಡೀರಿ ಅಂದಾರ.”

“ಕಾಸಾಕ ಕಟಗಿ ತಂದ್ರ ಕೊಡ್ಲಿ ಕಸಗೊಳ್ತಾರಲ್ಲೋ ಅಪ್ಪಾ.”

“ಅದನ್ನ ಬರದಿಲ್ಲ.” ಈಶಪ್ಪ ಕಾಗದ ಮಡಚಿದ. “ತಪ್ಪು ನಿಂದ ಐತಿ ಬಾಯಿ. ಬಂದವ್ರಿಗೆಲ್ಲಾ ತಂಬಿಗಿ ತುಂಬ ಮಜ್ಜಿಗಿ ಕುಡಸ್ತಿ. ಮೀಸಿ ಒರಸ್ಕೊಂಡು ಹೋಗಿ, ಇಲ್ಲೆಲ್ಲಾ ಬರೋಬ್ಬರಿ ಐತಿ ಅಂತ ಬರೀತಾರ. ಮಜ್ಜಿಗಿ ಕುಡದವ್ಗ ನೀರಿನ ರುಚಿ ಹೆಂಗ ತಿಳೀಬೇಕು?”

ಭಾಗೂಬಾಯಿ ಖಾಲಿ ಗಡಿಗೆ ಹೊತ್ತು ಹೊರಟಳು. ದಡ್ಡಿ ಮುಟ್ಟುವವರೆಗೂ ಆ ಮಾತು ಕಾಲಿಗೆ ನಟ್ಟ ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು.

“ಈ ಸಲ ಸಾಹೇಬ್ರು ಬಂದ್ರ ನೀರು ಕೊಡಾಕಿ ನಾನು,” ಎಂದಳು ಗಂಡ ಧೋಂಡುವಿನ ಮುಂದೆ.

ದಡ್ಡಿಗೆ ಹಿರಿಯನಾದ ಅವನು ಎಮ್ಮೆಯ ಮೈ ತಿಕ್ಕುವುದನ್ನು ನಿಲ್ಲಿಸಿದ. “ತಲಿ ಸರಿ ಐತೇನು? ಗೌಳ್ಯಾರ ಮನ್ಯಾಗ ನೀರು ಕೊಟ್ರು ಅಂದ್ರ ಮುಂಡಗೋಡದ ತನಕ ನಗತಾರ. ಹುಡುಗೂರಿಗೆ ಹೆಣ್ಣು ಯಾರು ಕೊಡ್ತಾರ?”

“ಈಗ ಬಾಳ ಕೊಡಾಕ್ಹತ್ಯಾರಲ್ಲ. ಕುಂಟೂ ಮಂದಿ ದಡ್ಡಿಗೆ ಹೆಣ್ಣು ಕೊಡಾಕ ಪಾಳೆ ಹಚ್ಚಿ ಸಾಲಾಗಿ ನಿಂತಾರ, ಹೋಗಿ ನೋಡ್ರಿ.”

ಹುಣ್ಣುಗಾಲು ಚಾಚಿ ಕೂತಿದ್ದ ಜನ್ನಿ ಸೆರಗಿನಲ್ಲಿ ನಕ್ಕಳು. ಧೋಂಡು ಮತ್ತೆ ಎಮ್ಮೆಯ ಕಡೆ ತಿರುಗಿದ. ಹೆಂಡತಿಗೆ ಹೇಳಿದ್ದಕ್ಕಿಂತ ಎಮ್ಮೆಗೆ ಹೇಳಿದ್ದು ನಾಟುತ್ತದೆಂದು ಅವನಿಗೆ ಗೊತ್ತಿತ್ತು.

ಎಂಟು ದಿನಕ್ಕೆ ಜಂಗಲ್ ಸಾಹೇಬ ಚನಬಸಪ್ಪ ಕುದುರೆಯ ಮೇಲೆ ಬಂದ. ನಾಗಲಿಂಗಪ್ಪ ಹಿಂದೆ ಓಡಿ ಬಂದ. ಕಂಬಳಿ ಹಾಸಿದರು. ಸಾಹೇಬ ಕೂತು, ಟೊಪ್ಪಿಗೆ ತೆಗೆದು, ಬೆವರು ಒರೆಸಿಕೊಂಡು, ವರ್ಷವೂ ಬರುವ ಮಜ್ಜಿಗೆಗಾಗಿ ಕೈ ನೀಡಿದ. ಭಾಗೂಬಾಯಿ ಆ ಕೈಗೆ ಹೊಂಡದ ನೀರಿನ ತಂಬಿಗೆ ಇಟ್ಟಳು.

ಸಾಹೇಬ ತಂಬಿಗೆಯೊಳಗೆ ಇಣುಕಿದ. ಹಸಿರು ನೀರಿನಲ್ಲಿ ಏನೇನೋ ಸಣ್ಣವು ಚಿಮ್ಮುತ್ತಿದ್ದವು.

“ಇದೇನಿದು?”

“ನೀರ್ರಿ.”

ಧೋಂಡು ನೆಲ ನೋಡಿದ. ಸಾಹೇಬ ತಂಬಿಗೆಯನ್ನು ದೂರ ಸರಿಸಿದ. “ನಿಮ್ಮ ಮನಿ ನೀರು ನಮಗ ಕುಡ್ಯಾಕ ಬರೂದಿಲ್ಲ ಮುದುಕಿ. ಗೊತ್ತಿಲ್ಲೇನು? ಮಜ್ಜಿಗಿ ಇಲ್ಲೇನು?”

“ಐತ್ರಿ ಸಾಹೇಬ್ರ. ಮಜ್ಜಿಗಿಗೆ ಜಾತಿ ಇಲ್ಲ, ಮರತಿದ್ದೆ.”

ಒಳಗೆ ಹೋಗಿ ಮೊಸರಿನ ಗಡಿಗೆ ತಂದು ಅವನ ಕಣ್ಣೆದುರೇ ಕೂತಳು. ಗಡಿಗೆಗೆ ಕಡಗೋಲು ಇಳಿಸಿದಳು. ಆಮೇಲೆ, ಸಾಹೇಬ ದೂರ ಸರಿಸಿದ್ದ ಅದೇ ತಂಬಿಗೆಯನ್ನು ಎತ್ತಿ, ನೀರನ್ನು ಗಡಿಗೆಗೆ ನಿಧಾನವಾಗಿ ಸುರಿದಳು.

“ಏ, ಅದನ್ಯಾಕ ಹಾಕ್ತಿ?”

“ಮತ್ಯಾವುದು ಹಾಕ್ಲಿ? ನಮ್ಮಲ್ಲಿ ಇರೂದು ಇದ ನೀರು.” ಕಡಗೋಲು ಸರ್ರನೆ ತಿರುಗಿತು. “ಒಂದು ಪಾಲು ಮೊಸರಿಗೆ ಮೂರು ಪಾಲು ನೀರ್ರಿ. ಮೂರು ಬ್ಯಾಸಗಿ ಹಿಂಗ ಮಾಡಿ ಕೊಟ್ಟೇನಿ. ಹ್ವಾದ ವರ್ಷ ಎರಡು ತಂಬಿಗಿ ಕುಡದ್ರಿ. ಇಂಥಾ ಮಜ್ಜಿಗಿ ಧಾರವಾಡದಾಗೂ ಸಿಗೂದಿಲ್ಲ ಅಂತ ಹೊಗಳಿದ್ರಿ ಸೈತ.”

ನಾಗಲಿಂಗಪ್ಪ ಗುಟ್ಟಾಗಿ ಹೊಟ್ಟೆ ಮುಟ್ಟಿಕೊಂಡ. ಅವನು ಕುಡಿದದ್ದಕ್ಕೆ ಲೆಕ್ಕವೇ ಇರಲಿಲ್ಲ.

ಸಾಹೇಬನ ಕಣ್ಣು ಜನ್ನಿಯ ಕಾಲಿಗೆ, ಅಲ್ಲಿ ಕಡ್ಡಿಗೆ ಸುತ್ತಿಕೊಂಡಿದ್ದ ಬಿಳಿ ದಾರಕ್ಕೆ ಹೋಯಿತು. ಮೂರು ವರ್ಷದಲ್ಲಿ ಮೊದಲ ಸಲ ಅವನು ಆ ದಡ್ಡಿಯಲ್ಲಿ ಒಂದು ಕಾಲನ್ನು ನೋಡಿದ.

“ಇದು... ಕುಡದ ಎಷ್ಟು ದಿನಕ್ಕ ಬರ್ತೈತಿ?”

“ವರ್ಷ ಹಿಡೀತೈತ್ರಿ. ಅವಸರಿಲ್ಲ ಅದಕ್ಕ. ನಿಮ್ಮ ಖಾತೆ ಕಾಗದದ್ಹಂಗ ಸಾವಕಾಶ ಬರ್ತೈತಿ.”

ಸಾಹೇಬ ತನ್ನ ಖಾಕಿ ಪಟ್ಟಿ ಸುತ್ತಿದ ಮೀನಖಂಡವನ್ನು ಒಮ್ಮೆ ಒತ್ತಿ ನೋಡಿದ. ಇನ್ನೊಂದನ್ನೂ ಒತ್ತಿದ. ದಡ್ಡಿಯ ಏಳು ಕಾಲು ಸೇರಿ ಸರಕಾರವನ್ನು ಅಲುಗಿಸಿರಲಿಲ್ಲ. ಸರಕಾರದ ಎರಡು ಕಾಲಿಗೆ ಅನುಮಾನ ಬಂದದ್ದೇ ಸಾಕಾಯಿತು. ಚೀಲದಿಂದ ಕಾಗದ, ಮಸಿಯ ದೌತಿ ಹೊರಬಂದವು.

“ಕೊಡ ಹೊತ್ತವ್ರು ಒರತಿಗೆ ಹೋಗಬಹುದು ಅಂತ ಬರೀತೇನಿ. ಎಮ್ಮಿ ದಾಟಬಾರ್ದು.”

“ಎಮ್ಮಿ ಕೊಡ ಹೊರೂದಿಲ್ರಿ,” ಎಂದಳು ಭಾಗೂಬಾಯಿ. “ಅಡವ್ಯಾಗ ಕಾಯೂ ಗಂಡಸ್ರ ಹತ್ರನೂ ಕೊಡ ಇರೂದಿಲ್ಲ. ಅವ್ರು ಬೊಗಸ್ಯಾಗ ಕುಡೀತಾರ. ಅದನ್ನೂ ಬರೀರಿ.”

ಸಾಹೇಬ ಬರೆಯುತ್ತಿದ್ದ ಲೆಕ್ಕಣಿಕೆ ತಡೆದು ಅವಳನ್ನು ನೋಡಿದ. ಗಡಿಗೆಯಲ್ಲಿ ಮಜ್ಜಿಗೆ ನೊರೆ ಎದ್ದಿತ್ತು. ಅವಳು ತಂಬಿಗೆ ಅದ್ದಲು ಕೈ ಇಳಿಸಿದಳು.

“ಬರದೆ, ಬರದೆ,” ಎಂದ ಸಾಹೇಬ.

ಮರುದಿನ ಹೊತ್ತು ಏರುವ ಮುಂಚೆ ಹೆಂಗಸರು ಸಾಲಾಗಿ ಹೊರಟರು. ಧೋಂಡು ಸೊಸೆಯನ್ನು ಬೆನ್ನಮೇಲೆ ಹೊತ್ತಿದ್ದ. ಮಾವ ಸೊಸೆಯನ್ನು ಹೊರುವುದೆಂಥದು ಎಂದು ಗೊಣಗುತ್ತಲೇ ಹೊತ್ತಿದ್ದ. ಗಡಿಕಲ್ಲಿನ ಹತ್ತಿರ ನಾಗಲಿಂಗಪ್ಪ ನಿಂತಿದ್ದ. ಕಾಗದ ಕೇಳಲಿಲ್ಲ. ಅವನ ಕೈಯಲ್ಲೂ ಒಂದು ಖಾಲಿ ತಂಬಿಗೆ ಇತ್ತು.

“ಪಾಳೆ ಹಚ್ಚೋ ತಮ್ಮಾ,” ಎಂದಳು ಭಾಗೂಬಾಯಿ. “ಮೊದ್ಲ ಕೂಸು.”

ಬಂಡೆಯ ಬುಡದಲ್ಲಿ ಕೂತು ಮೊಮ್ಮಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬೊಗಸೆ ತುಂಬಿ ಬಾಯಿಗೆ ಹಿಡಿದಳು. ತಣ್ಣನೆಯ ನೀರು ತುಟಿಗೆ ತಾಗಿದ್ದೇ ಕೂಸು ಮುಖ ಕಿವಿಚಿ, ಅರ್ಧ ನೀರನ್ನು ಅಜ್ಜಿಯ ಸೆರಗಿಗೆ ಉಗುಳಿ, ಇನ್ನರ್ಧವನ್ನು ನುಂಗಿತು.