ಹಸಿ ಪ್ರೈಮರ್‌ಗೆ ಹತ್ತಿದ ತುಪ್ಪುಳ

ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿದ ಕೊಡ ತರುವವನ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಬಂದ ತಮ್ಮ ಅದನ್ನು ಅಕ್ಕನ ಮೇಜಿನ ಮೇಲಿಟ್ಟ. ಹಲಗೆಯ ಮೇಲೆ ಹೆಬ್ಬೆರಳೆತ್ತರದ ರಾಕ್ಷಸರು ಸಾಲಾಗಿ ನಿಂತಿದ್ದರು. ಮೇಜಿನ ಮೇಲೆ ಬೊಂಬೆಗಳನ್ನಿಟ್ಟು ಯುದ್ಧದಾಟ ಆಡುವವರ ಸಂಘಕ್ಕೆ ಅಕ್ಕ ಬಣ್ಣ ಹಾಕಿಕೊಡಬೇಕಾಗಿದ್ದ ಪಡೆ ಅದು. ಬಣ್ಣ ಕಚ್ಚಿಕೊಳ್ಳಲು ಮೊದಲು ಬೂದುಬಣ್ಣದ ಪ್ರೈಮರ್ ಹೊಡೆಯಬೇಕು. ಆ ಕೆಲಸವನ್ನು ಅವಳು ತಮ್ಮನಿಗೆ ಒಪ್ಪಿಸಿದ್ದಳು.

"ನೋಡಕ್ಕ, ಕಂಕುಳ ಸಂದೂ ಬಿಟ್ಟಿಲ್ಲ."

ಅಕ್ಕ ಒಂದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ರಾಕ್ಷಸನ ಕೆನ್ನೆಯ ಮೇಲೆ ಏನೋ ಅಲುಗಿತು. ಅವಳ ಉಸಿರಿಗೆ ಅಲುಗಿದ ತುಪ್ಪುಳ. ಮೂಗಿನ ಹೊಳ್ಳೆ, ಕಣ್ಣಿನ ಗುಳಿ, ಬೆರಳ ಸಂದು, ಎಲ್ಲೆಲ್ಲೂ ಬೂಷ್ಟು ಹಿಡಿದ ನಿಂಬೆಹಣ್ಣಿನ ಹಾಗೆ ನವಿರಾದ ಕೂದಲು. ಮೂಗಿನ ಹತ್ತಿರ ತಂದಳು. ಪ್ರೈಮರಿನ ಘಾಟಿನ ಅಡಿಯಿಂದ ಕೋಳಿ ಹಿಕ್ಕೆಯ ನಾತ ಬಂತು.

"ಎಲ್ಲಿ ಹೊಡೆದೆ ಇದನ್ನ?"

"ನಮ್ಮ ಕೋಳಿ ಶೆಡ್ಡಲ್ಲಿ. ಹಳೇವು ಮಾರಾಟಕ್ಕೆ ಹೋಗಿದಾವೆ, ಹೊಸ ಮರಿ ಬರೋವರೆಗೂ ಖಾಲಿ ತಾನೇ? ಗಾಳಿಯಲ್ಲಿ ಹೊಡೀಬೇಡ ಅಂದೋಳು ನೀನೇ. ಪರದೆ ಇಳಿಸಿದೆ, ಮೂಲೆ ಮೂಲೆ ಗುಡಿಸಿದೆ, ಮರಿಗೆ ಕಾವು ಕೊಡೋ ಬಲ್ಬ್ ಹಾಕಿ ಒಣಗಿಸಿದೆ. ಇನ್ನೇನು ಮಾಡ್ಬೇಕಿತ್ತು?"

ಗುಡಿಸಿದ್ದೇ ಎಡವಟ್ಟಾಗಿತ್ತು. ಮರಿ ಬಿಡುವ ಮೊದಲು ಗುಡಿಸುವುದು ಅವನ ಕೈಗೆ ಅಂಟಿದ ಅಭ್ಯಾಸ. ನೆಲದಿಂದ ಎದ್ದ ಹೊಟ್ಟು, ಒಣಹಿಕ್ಕೆ, ತುಪ್ಪುಳಗಳು ಪರದೆಯೊಳಗೆ ಇನ್ನೂ ತೇಲುತ್ತಿದ್ದಾಗಲೇ ಅವನು ಸ್ಪ್ರೇ ಡಬ್ಬಿ ಅಲ್ಲಾಡಿಸಿದ್ದ. ಎಲ್ಲವೂ ಹಸಿ ಪ್ರೈಮರಿನ ಮೇಲೆ ಬಂದು ಕೂತು, ಬಲ್ಬಿನ ಕಾವಿಗೆ ಗಟ್ಟಿಯಾಗಿತ್ತು.

ಅಕ್ಕ ಬೊಂಬೆಯನ್ನು ಮೂಗಿನಿಂದ ದೂರ ಹಿಡಿದಳು. ಬಣ್ಣದ ಕೆಲಸಕ್ಕೆ ಇಳಿಯುವ ಮೊದಲು ಅವಳು ಕೋಳಿಮಾಂಸದ ಕಾರ್ಖಾನೆಯಲ್ಲಿ ಪುಕ್ಕ ಕೀಳುವ ಸಾಲಿನಲ್ಲಿ ನಿಲ್ಲುತ್ತಿದ್ದಳು. ಬಿಸಿನೀರಿನಲ್ಲಿ ಅದ್ದಿದ ಕೋಳಿ ಮುಂದೆ ಬಂದರೆ, ಯಂತ್ರಕ್ಕೆ ಸಿಗದೆ ಉಳಿದ ಪುಕ್ಕದ ಬುಡಗಳನ್ನು ಉಗುರಿನಿಂದ ಕೀಳಬೇಕು. ಮನೆಯಲ್ಲಿ ಎಷ್ಟು ಸೋಪು ಉಜ್ಜಿದರೂ ತುತ್ತು ಬಾಯಿಗೆ ಬರುವಾಗ ಬೆರಳಿನಿಂದ ಅದೇ ನಾತ. ತಡೆಯಲಾರದೆ ಬಿಟ್ಟುಬಂದಿದ್ದಳು. "ಬೊಂಬೆ ಕೂಳು ಹಾಕದಿದ್ರೆ ವಾಪಸ್ ಬಾರೆ, ನಿನ್ನ ಜಾಗ ಎಲ್ಲೂ ಓಡಿಹೋಗಲ್ಲ," ಎಂದು ಅಲ್ಲಿನ ಮೇಸ್ತ್ರಿ ನಕ್ಕಿದ್ದಳು. ಸಂಘದ ಅಧ್ಯಕ್ಷರು ಇವತ್ತು ನೋಡಲು ಬರುವವರಿದ್ದರು. ಅವರಿಗೆ ಹಿಡಿಸಿದರೆ ವರ್ಷವಿಡೀ ಬಣ್ಣದ ಕೆಲಸ, ಇಲ್ಲದಿದ್ದರೆ ಮತ್ತೆ ಅದೇ ಸಾಲು.

"ಬಣ್ಣ ಬಿದ್ರೆ ಮುಚ್ಚಿಹೋಗತ್ತೆ ಬಿಡಕ್ಕ," ಎಂದ ತಮ್ಮ. "ರಾಕ್ಷಸರು ತಾನೇ, ಮದುವೆ ಗಂಡುಗಳಲ್ವಲ್ಲ."

"ನಿನ್ನ ತಲೆ! ಹೇಸಿಗೆ ಮೇಲೆ ಬಣ್ಣ ಬಳಿದ್ರೆ ಬಣ್ಣದ ಹೇಸಿಗೆ ಆಗತ್ತೆ."

ಆದರೂ ಹೊತ್ತಿರಲಿಲ್ಲ. ರಾಕ್ಷಸರ ಕೆಂಪು ಮೈಬಣ್ಣವನ್ನು ತೆಳುವಾಗಿ ಕಲಸಿ ಒಂದು ಬೊಂಬೆಗೆ ಹಚ್ಚಿದಳು. ಬಣ್ಣ ಮುಚ್ಚಲಿಲ್ಲ. ಎಳೆಎಳೆಯ ಬುಡದಲ್ಲೂ ಕೆಂಪಗೆ ಮಡುಗಟ್ಟಿತು. ಸಾಲಿನಲ್ಲಿ ಅವಳ ಮುಂದೆ ಬಂದು ಬೀಳುತ್ತಿದ್ದ ಅರೆಬರೆ ಪುಕ್ಕ ಕಿತ್ತ ಕೋಳಿಚರ್ಮದ ಪಡಿಯಚ್ಚು. ಕುಂಚ ಬಿಸಾಡಿ, ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿದಳು.

ಅವಳು ಮುಖ ತೊಳೆದು ಬರುವಷ್ಟರಲ್ಲಿ ಅಧ್ಯಕ್ಷರು ಬಂದು ಅದೇ ಬೊಂಬೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಿದ್ದರು.

"ಅಬ್ಬಬ್ಬಾ! ಚರ್ಮ ಕೊಳೆತು ಕೂದಲು ಹುಟ್ಟಿದ ಹಾಗಿದೆಯಲ್ರೀ! ನೋಡಿದ್ರೆ ವಾಕರಿಕೆ ಬರತ್ತೆ. ಇದೇ ನಮಗೆ ಬೇಕಾಗಿದ್ದು. ಇಡೀ ಪಡೆಗೆ ಹೀಗೇ ಮಾಡ್ಕೊಡಿ. ಏನು ಹಾಕ್ತೀರಿ ಇದಕ್ಕೆ?"

"ಅದು ಮನೆತನದ ಗುಟ್ಟು ಸಾರ್," ಎಂದ ತಮ್ಮ, ಎದೆ ಉಬ್ಬಿಸಿ.

ಅಕ್ಕ ಬಾಗಿಲಲ್ಲೇ ನಿಂತು ಟವೆಲಿನಿಂದ ಕೈ ಒರೆಸಿದಳು. ಒರೆಸಿದ ಬೆರಳುಗಳನ್ನೇ ಮತ್ತೆ ಒರೆಸಿದಳು.

"ಕೋಳಿ ಶೆಡ್ಡಿನ ಧೂಳು ಸಾರ್. ಹಿಕ್ಕೆ, ಪುಕ್ಕ. ತಪ್ಪಾಗಿ ಹತ್ತಿದ್ದು."

ರಾಕ್ಷಸನ ಕೆನ್ನೆಯನ್ನು ಸವರುತ್ತಿದ್ದ ಅಧ್ಯಕ್ಷರ ಹೆಬ್ಬೆರಳು ಅಲ್ಲೇ ನಿಂತಿತು. ಬೊಂಬೆಯನ್ನು ಕೆಳಗಿಟ್ಟು, ಕೈಯನ್ನು ಮೈಯಿಂದ ದೂರ ಹಿಡಿದರು. "ಸೋಪು ಎಲ್ಲಿದೆಯಮ್ಮಾ?"

ತೊಳೆದುಕೊಂಡು ಬಂದವರು ಕೂರಲಿಲ್ಲ. ಹೊಸ್ತಿಲ ಆಚೆ ನಿಂತು, "ತೊಳೆದು ಒಂದನ್ನ ಸರಿಯಾಗಿ ಮಾಡಿ ತೋರಿಸಿ. ಆಮೇಲೆ ನೋಡೋಣ," ಎಂದು ಹೋದರು.

"ಬಾಯಿಗೆ ಬೀಗ ಹಾಕ್ಕೊಂಡಿದ್ರೆ ಕೆಲಸ ಕೈಗೆ ಬಂದಿತ್ತಲ್ಲಕ್ಕಾ!"

"ಯಾವ ಕೈಗೋ? ಅದೇ ಪುಕ್ಕ, ಇದೇ ಕೈ. ಅಷ್ಟಕ್ಕೆ ಕಾರ್ಖಾನೆನೇ ಸಾಕಿತ್ತು."

ಅಕ್ಕ ಬಣ್ಣ ಬಿಡಿಸುವ ದ್ರಾವಣವನ್ನು ಬೋಗುಣಿಗೆ ಸುರಿದು ಬೊಂಬೆಗಳನ್ನೆಲ್ಲ ಮುಳುಗಿಸಿದಳು. ಸ್ವಲ್ಪ ಹೊತ್ತಿಗೆ ಬೂದು ಕೆನೆ ಎದ್ದು ಬಂತು, ತುಪ್ಪುಳ ಸಮೇತ. ಒಂದು ಹಳೇ ಹಲ್ಲುಜ್ಜುವ ಬ್ರಷ್ಷನ್ನು ತಮ್ಮನ ಮುಂದೆ ಹಿಡಿದಳು.

"ನಾನಾ?"

"ಮತ್ತೆ ನಿನ್ನ ಹುಂಜ ಬಂದು ಉಜ್ಜತ್ತಾ?"

ಅವಳು ಬೆನ್ನು ತಿರುಗಿಸಿ ಕಿಟಕಿಯ ಎರಡೂ ಬಾಗಿಲು ತೆರೆದಳು. ದಿನಾ ಕೋಳಿಗಳ ನಡುವೆಯೇ ಓಡಾಡುವ ತಮ್ಮ ಮೊದಲ ಬೊಂಬೆಯನ್ನು ಎತ್ತಿದ. ಬೆರಳ ಸಂದಿನಿಂದ ಕೆನೆ ಲೋಳೆಲೋಳೆಯಾಗಿ ಜಾರಿತು. "ಥೂ," ಎಂದು ಮುಖವನ್ನು ತೋಳಿಗೆ ಒತ್ತಿಕೊಂಡು, ಉಜ್ಜತೊಡಗಿದ.